ಗೂಡಿನ ಕಿರೀಟ

ಕಳೆದ ಶನಿವಾರ ನಮ್ಮ ಹೊಲಿಗೆ ಟೀಚರ್ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು ಶಿಸ್ತು, ಸಮಯಪಾಲನೆ, ಸರಳತೆ ಎಂದು ಹೊಗಳಿದರು. ಅಷ್ಟನ್ನು ಸ್ಟಾಫ್ ರೂಮಿನ ಗೋಡೆ ಗಡಿಯಾರದ ಬಗ್ಗೆಯೂ ಹೇಳಬಹುದು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ತಲೆಗೆ ಮೈಸೂರು ಪೇಟ ಇಟ್ಟು ಫೋಟೋ ತೆಗೆದರು. ಫೋಟೋ ಮುಗಿದದ್ದೇ ತಡ, ಟೀಚರ್ ಪೇಟ ತೆಗೆದು, ತಿರುಗಿಸಿ, ಒಳಗೆಲ್ಲ ಹೆಬ್ಬೆರಳಾಡಿಸಿ ನೋಡಿ, ಪಕ್ಕದಲ್ಲಿದ್ದ ನನ್ನ ಕಿವಿಯಲ್ಲಿ, "ಬರೀ ರಟ್ಟು ಕಣ್ರೀ, ಗೋಂದೂ ನೆಟ್ಟಗೆ ಹಾಕಿಲ್ಲ" ಎಂದರು.

ಕಿರೀಟದ ವಿಷಯ ಮಾತ್ರ ಯಾರೂ ಎತ್ತಲಿಲ್ಲ. ಎತ್ತಿದರೆ ಅವರಿಗೆ ಬೇಜಾರಾದೀತು ಅಂದುಕೊಂಡರೋ ಏನೋ. ನನಗೆ ಕೂತಲ್ಲೇ ಮೈ ಉರಿಯಿತು. ಆ ಕಿರೀಟವನ್ನು ಬಿಟ್ಟು ಈ ಹೆಂಗಸಿನ ಬಗ್ಗೆ ಮಾತಾಡುವುದಾದರೂ ಏನು? ವೇದಿಕೆ ಮೇಲೆ ನನ್ನನ್ನು ಕರೆಯಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ದೇವನಹಳ್ಳಿ ಪಕ್ಕದ ವಿಜಯಪುರದ ಈ ಹೈಸ್ಕೂಲಿಗೆ ಬಂದದ್ದು ಸಮಾಜ ವಿಜ್ಞಾನ ಪಾಠ ಮಾಡಲಿಕ್ಕೆ. ಮನೆ ದೊಡ್ಡಬಳ್ಳಾಪುರದಲ್ಲಿ, ಅಲ್ಲಿಂದ ದೇವನಹಳ್ಳಿಗೊಂದು ಬಸ್ಸು, ದೇವನಹಳ್ಳಿಯಿಂದ ಇನ್ನೊಂದು. ಸೇರಿದ ವಾರವೇ ನನಗೂ ಅವರಿಗೂ ಜಗಳವಾಯಿತು. ಮದುವೆ ವಾರ್ಷಿಕೋತ್ಸವಕ್ಕೆಂದು ನಮ್ಮ ಯಜಮಾನರು ತಂದುಕೊಟ್ಟ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದೆ. ಈ ಹೆಂಗಸು ಒಂದು ನಮಸ್ಕಾರ ಕೂಡ ಹೇಳದೆ ನೇರವಾಗಿ ಬಂದು ನನ್ನ ಸೆರಗು ಹಿಡಿದು ಉಜ್ಜಿದರು. ಅಂಚಿನಲ್ಲಿ ಇಳಿಬಿದ್ದಿದ್ದ ಎಳೆಯೊಂದನ್ನು ಹಲ್ಲಿನಲ್ಲಿ ಕಚ್ಚಿ ತೆಗೆದರು. ಕಡ್ಡಿ ಗೀರಿ ಅದನ್ನು ಸುಟ್ಟು, ಮೂಗಿನ ಹತ್ತಿರ ಹಿಡಿದರು.

"ಕೂದಲು ಸುಟ್ಟ ವಾಸನೆ ಬಂದ್ರೆ ರೇಷ್ಮೆ. ಇದು ಪ್ಲಾಸ್ಟಿಕ್ ಬಕೆಟ್ ಸುಟ್ಟಂಗಿದೆ. ನಿಮ್ಮ ಯಜಮಾನ್ರಿಗೆ ಚೆನ್ನಾಗಿ ಟೋಪಿ ಹಾಕಿದಾರೆ."

ಇಡೀ ಸ್ಟಾಫ್ ರೂಮು ನಕ್ಕಿತು. ನಾನು ಒಂದು ವಾರ ಅವರ ಜೊತೆ ಮಾತು ಬಿಟ್ಟೆ. ಅವರು ಅದನ್ನು ಗಮನಿಸಲೇ ಇಲ್ಲ. ಎಂಟನೇ ದಿನ ಊಟದ ಹೊತ್ತಿಗೆ ಅವರೆಕಾಳು ಸಾರಿನ ಡಬ್ಬಿ ನನ್ನ ಮುಂದೆ ತಳ್ಳಿ, "ಬಿಸಿ ಇದ್ದಾಗ್ಲೇ ತಿನ್ರೀ" ಎಂದರು. ಅಂಥ ಸಾರಿನ ಮುಂದೆ ಸಿಟ್ಟು ಎಷ್ಟು ಹೊತ್ತು ನಿಂತೀತು? ಅವತ್ತಿನಿಂದ ನಾವು ಗೆಳತಿಯರು.

ಅವರ ಬಲಗೈಯ ನಡುಬೆರಳಿಗೆ ಸದಾ ಒಂದು ಹಿತ್ತಾಳೆ ಅಂಗುಸ್ತಾನ. ಹೊಲಿಯುವಾಗ ಸೂಜಿ ಚುಚ್ಚದಿರಲಿ ಎಂದು ಹಾಕಿಕೊಳ್ಳುವ ಆ ಪುಟ್ಟ ಟೋಪಿಯನ್ನು ಅವರು ಊಟ ಮಾಡುವಾಗ ಮಾತ್ರ ತೆಗೆಯುತ್ತಿದ್ದರು. ತರಗತಿಯಲ್ಲಿ ಅವರು ಗದರಿದ್ದು ಕಡಿಮೆ. ಅಂಗುಸ್ತಾನದಿಂದ ಮೇಜಿನ ಮೇಲೆ ಟಕ್ ಟಕ್ ಎಂದು ಬಡಿದರೆ, "ಎಳೆ ಬಿಡಬೇಡಿ, ಹೊಲೀತಾ ಇರಿ" ಎಂದು ಅರ್ಥ. ಕರೆಂಟು ಹೋಗಲಿ, ಕಿಟಕಿಯಲ್ಲಿ ಕೋತಿ ಬರಲಿ, ಆ ಸದ್ದು ಕೇಳಿದರೆ ಹುಡುಗಿಯರು ತಲೆ ಎತ್ತುತ್ತಿರಲಿಲ್ಲ. ಇನ್ನೊಬ್ಬರ ಬಟ್ಟೆಯಲ್ಲಿ ದಾರ ಇಳಿಬಿದ್ದಿದ್ದರೆ ಸಹಿಸುವ ಜೀವ ಅಲ್ಲ ಅದು. ಒಮ್ಮೆ ಧ್ವಜಾರೋಹಣದ ದಿನ ಹೆಡ್‌ಮಾಸ್ಟರು ಭಾಷಣ ಮಾಡುತ್ತಿರುವಾಗಲೇ ಹಿಂದಿನಿಂದ ಹೋಗಿ ಅವರ ಅಂಗಿಯ ತೋಳಿನ ದಾರ ಕತ್ತರಿಸಿ ಬಂದಿದ್ದರು. ಭಾಷಣವನ್ನೂ ಕತ್ತರಿಸಿದ್ದರೆ ಪುಣ್ಯ ಬರುತ್ತಿತ್ತು ಎಂದು ನಾನು ರೇಗಿಸಿದ್ದೆ.

ಇನ್ನೊಂದು ವಿಷಯ, ಹೂವು. ಬೇಸಿಗೆ, ಚಳಿಗಾಲ ಎನ್ನದೆ ಮುಡಿಯ ತುಂಬ ಮಲ್ಲಿಗೆ, ಸಂಪಿಗೆ, ಮರುಗ. ಅವರು ಬಂದರೆಂದು ಕಾರಿಡಾರಿನಲ್ಲೇ ಗೊತ್ತಾಗುತ್ತಿತ್ತು. ವಯಸ್ಸಾದರೂ ಶೋಕಿ ಹೋಗಿಲ್ಲ ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಕಾರಣ ತಿಳಿದದ್ದು ಹೋದ ವರ್ಷ, ನಾಟಕದ ಕಾಲಕ್ಕೆ.

ಜಿಲ್ಲಾ ಮಟ್ಟದ ಶಾಲಾ ನಾಟಕ ಸ್ಪರ್ಧೆಗೆ ನಮ್ಮಿಂದಲೂ ಒಂದು ತಂಡ ಹೋಗಬೇಕು ಎಂದು ಹೆಡ್‌ಮಾಸ್ಟರು ಹೇಳಿದಾಗ, ಸಭೆಯಲ್ಲಿ ಎಂದೂ ಬಾಯಿ ಬಿಡದ ಹೊಲಿಗೆ ಟೀಚರ್ ಕೈ ಎತ್ತಿದರು. "ನಾಟಕ ನಾನ್ ಬರ್ದಿದೀನಿ. ನಾನೇ ಮಾಡಿಸ್ತೀನಿ." ಎಲ್ಲರೂ ಮುಖ ಮುಖ ನೋಡಿಕೊಂಡೆವು. ಅರ್ಧ ಗಂಟೆಯ ನಾಟಕ. ಕತೆ ಸರಳ: ಒಬ್ಬ ರಾಣಿಗೆ ಊರಿನವರು ರೇಷ್ಮೆ ಗೂಡಿನ ಕಿರೀಟ ಮಾಡಿಕೊಡುತ್ತಾರೆ. ಕೊನೆಗೆ ಗೂಡಿನಿಂದ ನೂಲು ಬಿಚ್ಚುವ ಮುದುಕಿಯೊಬ್ಬಳು ಸಭೆಗೆ ಬಂದಾಗ ರಾಣಿ ಸಿಂಹಾಸನದಿಂದ ಎದ್ದು ನಿಲ್ಲುತ್ತಾಳೆ. ಅಷ್ಟೆ.

"ಕಿರೀಟ ಬೆಂಗಳೂರಿಂದ ಬಾಡಿಗೆಗೆ ತರಿಸೋಣ ಬಿಡಿ ಮೇಡಂ" ಎಂದರು ಹೆಡ್‌ಮಾಸ್ಟರು.

"ಬೇಡ ಸಾರ್. ಗೂಡಲ್ಲೇ ಮಾಡ್ತೀನಿ. ಇಲ್ಲಾಂದ್ರೆ ನಾಟಕಾನೇ ಬೇಡ."

ಇಷ್ಟೊಂದು ಹಟ ಯಾಕೆ ಎಂದು ಅವತ್ತು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ. ಆಗ ಹೇಳಿದರು. ಅವರಮ್ಮ ಇದೇ ಊರಿನಲ್ಲಿ ಬದುಕಿಡೀ ನೂಲು ಬಿಚ್ಚಿದವರು. ಬೆಳಗ್ಗೆ ಮಾರುಕಟ್ಟೆಯಿಂದ ಗೂಡಿನ ಮಂಕರಿ ತಲೆ ಮೇಲೆ ಹೊತ್ತು ತರುವುದು, ಕುದಿಯುವ ನೀರಿನಲ್ಲಿ ಗೂಡು ಬೇಯಿಸುವುದು, ಆ ನೀರಿನಲ್ಲೇ ಬೆರಳಿಟ್ಟು ಎಳೆ ಹುಡುಕುವುದು. ಒಳಗಿನ ಹುಳ ಬೆಂದ ನಾತ ಮನೆಗೆ, ಬಟ್ಟೆಗೆ, ಕೂದಲಿಗೆ ಹಿಡಿದುಬಿಡುತ್ತದೆ. ಟೀಚರ್ ಓದಿದ್ದೂ ಇದೇ ಶಾಲೆಯಲ್ಲಿ. ಸೀಗೆಕಾಯಿ ಹಾಕಿ ಎರಡೆರಡು ಸಲ ತಲೆ ತೊಳೆದು ಬಂದರೂ ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡು ಜರುಗಿ ಕೂರುತ್ತಿದ್ದರಂತೆ.

"ನಮ್ಮಮ್ಮ ಒಂದ್ಸಲಾನೂ ಈ ಗೇಟ್ ಒಳಗೆ ಕಾಲಿಡಲಿಲ್ಲ ಕಣ್ರೀ. ಬುತ್ತಿ ತಂದ್ರೆ ಆಚೇನೇ ನಿಂತ್ಕೊಂಡು ಕಳಿಸೋಳು. ಒಳಗ್ ಬಾರಮ್ಮ ಅಂದ್ರೆ, 'ಬೇಡ ಮಗಾ, ನಾನ್ ವಾಸ್ನೆ ಬರ್ತೀನಿ' ಅನ್ನೋಳು. ಬೇರೆಯವರ ಮನೆ ಅಮ್ಮಂದ್ರು ಒಳಗ್ ಬರೋರು." ಅವರು ಮುಡಿಯ ಹೂವನ್ನು ಮುಟ್ಟಿಕೊಂಡರು. "ಇನ್ನೇನು ನಾನೂ ರಿಟೈರ್ ಆಗ್ತೀನಿ. ಒಂದೇ ಒಂದು ಸಲ ಆ ಗೂಡನ್ನ ಎಲ್ಲರ ಮುಂದೆ ತಲೆ ಮೇಲೆ ಇಟ್ಟು ನೋಡ್ಬೇಕು. ಯಾರೂ ಮೂಗು ಮುಚ್ಕೋಬಾರ್ದು. ಅಷ್ಟೇ."

ನಾನು ಆಮೇಲೆ ಅವರ ಹೂವಿನ ಬಗ್ಗೆ ತಮಾಷೆ ಮಾಡಲಿಲ್ಲ.

ರಾಣಿಯ ಪಾತ್ರಕ್ಕೆ ಒಂಬತ್ತನೇ ಕ್ಲಾಸಿನ ನಾಗವೇಣಿಯನ್ನು ಆರಿಸಿದರು. ಅವಳದೂ ನೂಲು ಬಿಚ್ಚುವ ಮನೆಯೇ. ಕಿರೀಟ ಹೇಗಿರುತ್ತದೆ ಎಂದು ನೋಡಲು ಮಕ್ಕಳು ಮೊದಲು ಥರ್ಮೋಕೋಲಿನಲ್ಲಿ ಒಂದು ಮಾದರಿ ಕತ್ತರಿಸಿ, ಚಿನ್ನದ ಬಣ್ಣದ ಸ್ಪ್ರೇ ಹೊಡೆದರು. ಅಯ್ಯೋ ಶಿವನೇ, ಬಣ್ಣ ಬಿದ್ದಲ್ಲೆಲ್ಲ ಥರ್ಮೋಕೋಲು ಬಿಸಿ ದೋಸೆ ಮೇಲಿನ ಬೆಣ್ಣೆಯ ಹಾಗೆ ಕರಗಿ ಕೂತಿತು. ಟೀಚರಿಗೆ ಒಳಗೊಳಗೇ ಖುಷಿ. "ನೋಡಿದ್ರಾ? ಯಾವ ವಸ್ತು ಯಾವುದನ್ನ ತಡ್ಕೊಳುತ್ತೆ ಅಂತ ಕೇಳ್ದೆ ಕೈ ಹಾಕ್ಬಾರ್ದು. ಗೂಡು ನಂಗೆ ಗೊತ್ತು. ನಾನ್ ಹುಟ್ಟಿದ್ದೇ ಅದರ ಮಧ್ಯೆ."

ಬಿದಿರು ಸೀಳಿ ತಲೆಯ ಅಳತೆಗೆ ಬಳೆ ಮಾಡಿದರು, ಮೇಲೆ ಕಾಲರಿಗೆ ಹಾಕುವ ಗಡುಸು ಬಕ್ರಂ ಬಟ್ಟೆ ಹೊಲಿದರು. ನೆಂಟರೊಬ್ಬರ ನೂಲು ಬಿಚ್ಚುವ ಘಟಕದಿಂದ ಹಬೆ ಕೊಟ್ಟ ಗೂಡು ತಂದರು. ಹಬೆ ಕೊಟ್ಟರೆ ಒಳಗಿನ ಹುಳ ಸಾಯುತ್ತದೆ, ನೂಲು ಬಿಚ್ಚುವವರೆಲ್ಲ ಮಾಡುವುದು ಹಾಗೆಯೇ. ಅವನ್ನು ಸಾಲಾಗಿ ಕೂರಿಸಿ ಮೊದಲ ಕಿರೀಟ ತಯಾರಾಯಿತು. ಬಣ್ಣ ಮಂಕು, ಅಲ್ಲಲ್ಲಿ ಗೂಡು ಅಮುಕಿಕೊಂಡಿತ್ತು, ಆದರೂ ಚೆಂದವಿತ್ತು. ಟ್ರಂಕಿನಲ್ಲಿಟ್ಟರು. ಕೆಲವು ದಿನ ಕಳೆದು ರಿಹರ್ಸಲಿಗೆಂದು ತೆಗೆದಾಗ ಒಳಗಿನ ಹುಳ ಕೊಳೆತು ಹೋಗಿತ್ತು. ತಲೆಗೆ ಇಡಲು ಹೋದದ್ದೇ ತಡ, ನಾಗವೇಣಿ ಎರಡು ಹೆಜ್ಜೆ ಹಿಂದೆ ಸರಿದು ಮೂಗು ಮುಚ್ಚಿಕೊಂಡಳು.

"ಮಿಸ್, ನಂಗ್ ಆಗಲ್ಲ ಮಿಸ್. ಮನೇಲೂ ಇದೇ ವಾಸ್ನೆ, ಇಲ್ಲೂನಾ?"

ಟೀಚರ್ ಕಿರೀಟವನ್ನು ಕಾಗದದಲ್ಲಿ ಸುತ್ತಿ ಹೊರಗಿಟ್ಟು ಬಂದು, ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ನಿಂತರು. 

ವಿಜ್ಞಾನದ ಮೇಷ್ಟ್ರು ಒಂದು ಉಪಾಯ ಹೇಳಿದರು. "ಸುಲಭ ಮೇಡಂ. ತುದಿ ಕತ್ತರಿಸಿ ಹುಳ ಬೀಳಿಸ್ಬಿಡಿ. ಖಾಲಿ ಗೂಡು ಅಂಟಿಸಿ."

ಟೀಚರ್ ಕೆನ್ನೆಗೆ ಹೊಡೆಸಿಕೊಂಡವರ ಹಾಗೆ ತಿರುಗಿದರು. "ಗೂಡಿಗೆ ಕತ್ತರಿ ಹಾಕೋದಾ? ಒಂದು ಗೂಡು ಅಂದ್ರೆ ಮೊದಲಿಂದ ಕೊನೇವರೆಗೆ ಒಂದೇ ಎಳೆ ಸಾರ್. ಚಿಕ್ಕೋಳಿದ್ದಾಗ ಆಟಕ್ಕೆ ಅಂತ ಒಂದು ಗೂಡು ಕತ್ತರಿಸಿದ್ದಕ್ಕೆ ನಮ್ಮಮ್ಮ ಅವತ್ತೆಲ್ಲ ನನ್ ಹತ್ರ ಮಾತಾಡಿರಲಿಲ್ಲ. ನಮ್ಮ ಕಡೆ ಗೂಡು ಬೇಯಿಸ್ತಾರೆ, ಕತ್ತರಿ ಮಾತ್ರ ಮುಟ್ಟಿಸಲ್ಲ."

ಬೇಯಿಸಬಹುದು, ಕತ್ತರಿಸಬಾರದು. ಈ ಧರ್ಮ ನನಗೆ ಅರ್ಥವಾಗಲಿಲ್ಲ, ಆದರೆ ವಾದ ಮಾಡುವ ಧೈರ್ಯ ಯಾರಿಗಿತ್ತು? ಅವರು ಯೋಚನೆ ಮಾಡಿ ಇನ್ನೊಂದು ದಾರಿ ಕಂಡುಕೊಂಡರು. ನಾತ ಬಂದದ್ದು ಹಬೆಯಿಂದ. ಹಬೆ ತಾಗದ ಹಸಿ ಗೂಡು ತಂದರೆ ಬಣ್ಣವೂ ಉಳಿಯುತ್ತದೆ, ವಾಸನೆಯೂ ಬರುವುದಿಲ್ಲ. ನಮ್ಮ ದೊಡ್ಡಬಳ್ಳಾಪುರದ ಕಡೆ, ರಾಜಘಟ್ಟದ ಪಕ್ಕದ ಹಳ್ಳಿಯಲ್ಲಿ ನನ್ನ ಮೈದುನ ರೇಷ್ಮೆ ಹುಳ ಸಾಕುತ್ತಾನೆ. ಅವನಿಂದ ಆಗ ತಾನೇ ಬಿಡಿಸಿದ ಗೂಡು ತಂದುಕೊಟ್ಟೆ. ಹಳದಿ ಗೂಡು, ಬಂಗಾರವೇ ಸರಿ. "ಇಟ್ಕೋಬೇಡಿ ಅತ್ತಿಗೆ, ಎರಡು ಮೂರು ದಿನದಲ್ಲಿ ಮುಗಿಸ್ಬಿಡಿ" ಎಂದಿದ್ದ. ಅದನ್ನೂ ಟೀಚರಿಗೆ ಹೇಳಿದೆ.

"ಅದು ನೂಲು ತೆಗೆಯೋರಿಗೆ ಹೇಳೋ ಮಾತು. ನಾನೇನ್ ನೂಲು ತೆಗೀತೀನಾ?" ಎಂದರು.

ಎರಡನೇ ಕಿರೀಟ ಆದ ದಿನ ನಾವೆಲ್ಲ ಅದರ ಸುತ್ತ ನಿಂತೆವು. ಒಂದು ತೊಟ್ಟು ಗೋಂದಿಲ್ಲ. ಗೂಡಿನ ಮೈಮೇಲಿನ ಜುಂಗಿನಲ್ಲಷ್ಟೇ, ಆ ಸಡಿಲ ನಾರಿನಲ್ಲಷ್ಟೇ ಸೂಜಿ ಆಡಿಸಿ, ಒಂದಕ್ಕೂ ಚುಚ್ಚದೆ, ಒಂದರ ಪಕ್ಕ ಒಂದನ್ನು ಹೊಲಿದಿದ್ದರು. ನಾಗವೇಣಿ ಮೂಗು ಹತ್ತಿರ ತಂದು ಮೂಸಿದಳು. ಏನೂ ಇಲ್ಲ. ತಾನೇ ಎತ್ತಿ ತಲೆಗಿಟ್ಟುಕೊಂಡು ಕಿಟಕಿ ಗಾಜಿನಲ್ಲಿ ನೋಡಿಕೊಂಡಳು. ಟೀಚರ್ ಮುಖದಲ್ಲಿ ಅವತ್ತು ಇದ್ದ ನಗೆಯನ್ನು ನಾನು ಬೀಳ್ಕೊಡುಗೆಯಲ್ಲೂ ನೋಡಲಿಲ್ಲ. "ಅಮ್ಮಂಗೆ ಈಗ್ಲೇ ಹೇಳಲ್ಲ. ನಾಟಕ ಮುಗಿಸ್ಕೊಂಡು ಹೋಗಿ ತೋರಿಸ್ತೀನಿ" ಎಂದರು. ಬೆಳಕಿಗೆ ಬಣ್ಣ ಹೋಗದಿರಲಿ ಎಂದು ಕಪ್ಪು ಬಟ್ಟೆ ಸುತ್ತಿ ರಟ್ಟಿನ ಡಬ್ಬಿಯಲ್ಲಿಟ್ಟರು.

ವಾರ ಕಳೆದು ಸ್ಪರ್ಧೆ, ದೇವನಹಳ್ಳಿಯ ಒಂದು ಸಭಾಂಗಣದಲ್ಲಿ, ಬೆಳಗ್ಗೆ. ಅಲ್ಲಿ ವಿಮಾನಗಳು ತಲೆ ಮೇಲೇ ಇಳಿಯುತ್ತವೆ, ಮಾತು ಕೇಳುವುದಿಲ್ಲ. ವಿಮಾನ ಬಂದರೆ ಮಾತು ನಿಲ್ಲಿಸಿ, ಹೋದ ಮೇಲೆ ಮುಂದುವರಿಸಬೇಕು ಎಂದು ಟೀಚರ್ ಅಭ್ಯಾಸ ಮಾಡಿಸಿದ್ದರು. ಡಬ್ಬಿ ಬಿಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಕಿರೀಟ ಇಟ್ಟು, ನಾಗವೇಣಿಗೆ ಸೀರೆ ಉಡಿಸಿದೆವು. ಒಂದೆರಡು ಗೂಡಿನ ತುದಿ ಒದ್ದೆಯಾದಂತೆ ಕಂಡಿತು. ಬೆವರಿದ ಕೈ ತಾಗಿರಬೇಕು ಎಂದುಕೊಂಡೆವು.

ಮೊದಲ ದೃಶ್ಯ ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ರಾಣಿ ಸಿಂಹಾಸನದ ಮೇಲೆ ಕೂತಿದ್ದಾಗ ಮುಂದಿನ ಸಾಲಿನ ಮಗುವೊಂದು ಕಿರುಚಿತು: "ಹುಳ! ಹುಳ! ಅವಳ ತಲೇಲಿ ಹುಳ!"

ಕಿರೀಟದ ತುದಿಯ ಗೂಡಿನಿಂದ ಬೆಳ್ಳಗೆ ಏನೋ ತಲೆ ಹೊರಗೆ ಹಾಕಿತ್ತು. ಮೆಲ್ಲಗೆ ಕಾಲು ಬಂತು, ಒದ್ದೆ ರೆಕ್ಕೆ ಬಂತು. ನೋಡ ನೋಡುತ್ತ ಪಕ್ಕದ ಗೂಡಿನಿಂದ ಇನ್ನೊಂದು, ಹಿಂದಿನಿಂದ ಮತ್ತೊಂದು. ಚಿಟ್ಟೆಗಳು! ಹಾರಲಾರದ, ದಪ್ಪ ಹೊಟ್ಟೆಯ, ಕೆನೆ ಬಣ್ಣದ ಚಿಟ್ಟೆಗಳು ಪಟಪಟ ರೆಕ್ಕೆ ಬಡಿಯುತ್ತ ರಾಣಿಯ ಕಿರೀಟದ ಮೇಲೆ ಮೆರವಣಿಗೆ ಹೊರಟವು. ಎರಡು ಚಿಟ್ಟೆಗಳಂತೂ ಇಡೀ ಜಿಲ್ಲೆಯ ಎದುರು ನಾಚಿಕೆ ಬಿಟ್ಟು ಜೋಡಿಯೂ ಆದವು. ಚಿಟ್ಟೆಗಳು ಬಿಟ್ಟ ಕಂದು ನೀರು ನಾಗವೇಣಿಯ ಹಣೆ ಮೇಲೆ ಇಳಿಯಿತು. ಸಭಾಂಗಣ ಹೋ ಎಂದು ನಕ್ಕಿತು.

ನನ್ನ ಪಕ್ಕದಲ್ಲಿ ವಿಜ್ಞಾನದ ಮೇಷ್ಟ್ರು ಹಣೆ ಬಡಿದುಕೊಂಡರು. "ಮೊಟ್ಟೆ, ಹುಳ, ಗೂಡು, ಚಿಟ್ಟೆ! ವರ್ಷಾ ವರ್ಷಾ ಬೋರ್ಡ್ ಮೇಲೆ ಬರೀತೀನಲ್ರೀ, ಕೊನೇದನ್ನೇ ಮರೆತ್ಬಿಟ್ಟೆ!"

ಪರದೆಯ ಬದಿಯಲ್ಲಿ ಟೀಚರ್ ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ನಾಗವೇಣಿ ಕಿರೀಟಕ್ಕೆ ಕೈ ಹಾಕಿದಳು. ಕಿತ್ತು ಬಿಸಾಡಿ ಓಡುತ್ತಾಳೆ ಎಂದೇ ನಾನು ತಿಳಿದೆ. ಆಗ ಪಕ್ಕದ ಮರದ ಬಾಗಿಲ ಮೇಲೆ ಟಕ್ ಟಕ್ ಎಂದು ಸದ್ದಾಯಿತು.

ಹುಡುಗಿಯ ಕೈ ಕೆಳಗಿಳಿಯಿತು. ಅಷ್ಟರಲ್ಲಿ ವಿಮಾನ ಬಂತು. ಟೀಚರ್ ಕಲಿಸಿದ ಹಾಗೆ ಅವಳು ಸುಮ್ಮನೆ ಕೂತು ಕಾದಳು, ಹಣೆ ಮೇಲೆ ಕಂದು ನೀರು, ತಲೆ ಮೇಲೆ ಚಿಟ್ಟೆಗಳ ಗಲಾಟೆ. ವಿಮಾನದ ಸದ್ದು ಹೋಗುವಷ್ಟರಲ್ಲಿ ನಗುವೂ ಇಳಿದಿತ್ತು. ನೂಲು ಬಿಚ್ಚುವ ಮುದುಕಿ ಸಭೆಗೆ ಬಂದಳು. ನಾಗವೇಣಿ ಎದ್ದು ನಿಂತು, ಒಂದಿಷ್ಟೂ ನಡುಗದೆ, "ಈ ಕಿರೀಟ ಯಾರ ಕೈಯಿಂದ ಬಂದಿತೋ ಅವರ ಮುಂದೆ ನಾನು ಕೂರಲಾರೆ" ಎಂದಳು. ಜನ ನಕ್ಕಿದ್ದರು, ಕಿರುಚಿದ್ದರು, ಮೊಬೈಲ್ ಎತ್ತಿ ಹಿಡಿದಿದ್ದರು. ಮೂಗು ಮಾತ್ರ ಯಾರೂ ಮುಚ್ಚಿರಲಿಲ್ಲ. ನಾನು ಬೇಕೆಂದೇ ತಿರುಗಿ ಸಾಲು ಸಾಲು ನೋಡಿದ್ದೆ.

ಬಹುಮಾನ ಬರಲಿಲ್ಲ. "ಪ್ರಯತ್ನ ಒಳ್ಳೇದು, ಸ್ವಚ್ಛತೆ ಕಡೆ ಗಮನ ಕೊಡಿ" ಎಂದರು ತೀರ್ಪುಗಾರರು. ಹೆಡ್‌ಮಾಸ್ಟರು ಮುಖ ಊದಿಸಿಕೊಂಡು ಬೇರೆ ಹೋದರು. ನಾವು ಮಕ್ಕಳನ್ನು ಕರೆದುಕೊಂಡು ವಿಜಯಪುರದ ಬಸ್ಸು ಹತ್ತಿದೆವು. ಟೀಚರ್ ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದರು. 

"ಗೂಡು ನಂಗೆ ಗೊತ್ತು ಅಂತಿದ್ದೆ ಅಲ್ವಾ? ಇದರ ಒಳಗಿಂದು ಆಚೆ ಬಂದಿದ್ದನ್ನ ಹುಟ್ಟಿದಾಗಿನಿಂದ ನೋಡೇ ಇಲ್ಲ ಕಣ್ರೀ. ನಮ್ಮನೆಗೆ ಬಂದ ಗೂಡು ಎರಡು ದಿನ ಉಳಿದಿದ್ದಿಲ್ಲ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೇಲೂ ಬರ್ದಿದ್ದೆ. ಆದ್ರೂ ನನ್ ಪಾಲಿಗೆ ಗೂಡು ಅಂದ್ರೆ ನೂಲು, ಒಳಗಿರೋದು ಸತ್ತಿರೋದು, ಅಷ್ಟೇ. ಬದುಕಿದೆ ಅಂತ ಅನ್ನಿಸ್ಲೇ ಇಲ್ಲ." ಆಮೇಲೆ ಮೆಲ್ಲಗೆ, "ಹುಡುಗಿ ಮರ್ಯಾದೆ ಕಳೆದೆ. ಅಮ್ಮಂಗೆ ಏನಂತ ತೋರಿಸ್ಲಿ?" ಎಂದರು. ಅವರ ಕಣ್ಣಿನಲ್ಲಿ ನೀರಿತ್ತು. ಯಾರೂ ಮೂಗು ಮುಚ್ಚಲಿಲ್ಲ ಎಂದು ಹೇಳಿದೆ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರು.

ಒಬ್ಬರೇ ಹೋದರೆ ಕಿರೀಟವನ್ನು ದಾರಿಯಲ್ಲೇ ಎಸೆದುಬಿಡುತ್ತಾರೆ ಎಂಬ ಭಯಕ್ಕೆ ನಾನೂ ಅವರ ಮನೆಗೆ ಹೋದೆ. ಅವರಮ್ಮ ಜಗಲಿಯಲ್ಲಿ ಕೂತಿದ್ದರು. ಈಗ ಅವರಿಲ್ಲ, ಮೊನ್ನೆ ಚಳಿಗಾಲದಲ್ಲಿ ಹೋದರು. ಆಗಲೇ ಕಣ್ಣು ಮಸುಕು. ಬಿಸಿನೀರಿನಲ್ಲಿ ಬೆಂದು ಬೆಂದು ಬೆರಳ ತುದಿಗಳು ಬೆಳ್ಳಗೆ ನುಣುಪಾಗಿದ್ದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವರನ್ನು ಗುರುತಿಸುತ್ತಿರಲಿಲ್ಲ.

"ಏನೇ ಅದು ಕೈಯಲ್ಲಿ, ಪಟಪಟ ಅಂತಿದೆ?"

ಟೀಚರ್ ನಡೆದದ್ದೆಲ್ಲ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ. ಅಜ್ಜಿ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೈ ಚಾಚಿದರು. ಟೀಚರ್ ಒಂದು ಚಿಟ್ಟೆಯನ್ನು ಎತ್ತಿ ಅವರ ಬೆರಳ ಮೇಲೆ ಬಿಟ್ಟರು.

"ಬೆರಳಿಗೆ ಏನೂ ಗೊತ್ತಾಗಲ್ಲ ಕಣೇ. ಇಲ್ಲಿ ಬಿಡು." ಸೆರಗು ಸರಿಸಿ ಮೊಣಕೈಯ ಒಳಗಿನ ಮೆತ್ತನೆಯ ಜಾಗ ತೋರಿಸಿದರು. ಚಿಟ್ಟೆ ಅಲ್ಲಿ ನಿಧಾನವಾಗಿ ನಡೆಯಿತು. ಅಜ್ಜಿ ಉಸಿರು ಬಿಗಿಹಿಡಿದರು.

"ಅಯ್ಯೋ, ನಡೀತದಲ್ಲೇ! ಇದೇನಾ ನಮ್ ಹುಳ? ಏನ್ ತಿನ್ನುತ್ತೆ?"

"ಏನೂ ತಿನ್ನಲ್ವಂತಮ್ಮ. ಹೀಗೇ ಸ್ವಲ್ಪ ದಿನ ಇದ್ದು ಹೋಗುತ್ತಂತೆ."

"ಪಾಪ, ಮನೆಗ್ ಬಂದೋರಿಗೆ ಒಂದ್ ತೊಟ್ಟು ನೀರೂ ಕೊಡೋ ಹಂಗಿಲ್ವಲ್ಲ." ಅಜ್ಜಿ ತೋಳನ್ನು ಅಲುಗಿಸದೆ ಬಹಳ ಹೊತ್ತು ಕೂತರು. ಆಮೇಲೆ ಕೇಳಿದರು. "ಆ ಹುಡುಗಿ ಇದನ್ನ ತಲೆ ಮೇಲೆ ಇಟ್ಕೊಂಡಳಾ? ಎಲ್ಲರ ಮುಂದೆ?"

"ಇಟ್ಕೊಂಡಳು."

"ಇವು ಆಚೆ ಬಂದ ಮೇಲೂ? ತೆಗೀಲಿಲ್ವಾ?"

"ತೆಗೀಲಿಲ್ಲಮ್ಮ."

"ಯಾರೂ ಮೂಗು..."

ಟೀಚರ್ ನನ್ನ ಕಡೆ ತಿರುಗಿದರು. "ಯಾರೂ ಮುಚ್ಕೊಳ್ಳಲಿಲ್ಲ ಅಜ್ಜಿ, ನಾನೇ ನೋಡಿದೆ" ಎಂದೆ. ಈ ಸಲ ಟೀಚರ್ ನಂಬಿದರು. ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಅಜ್ಜಿ ತಲೆಯ ಮೇಲಿನ ಸೆರಗು ಕೆಳಗಿಳಿಸಿ, ಬೆನ್ನು ನೆಟ್ಟಗೆ ಮಾಡಿ, "ಕೊಡು ಮತ್ತೆ, ನಂಗೂ ಒಂದ್ಸಲ ಇಡು" ಎಂದರು. ತೂತು ಬಿದ್ದ, ಕಲೆಯಾದ ಆ ಕಿರೀಟವನ್ನು ಟೀಚರ್ ಎರಡೂ ಕೈಯಲ್ಲಿ ಎತ್ತಿ ಅಮ್ಮನ ನರೆತ ತಲೆಗಿಟ್ಟರು. ಮಾರುಕಟ್ಟೆಯಿಂದ ಮನೆಗೆ ಅಷ್ಟು ವರ್ಷ ಮಂಕರಿ ಹೊತ್ತ ತಲೆ, ಅಭ್ಯಾಸದಿಂದ ಭಾರಕ್ಕೆ ಕತ್ತು ಬಿಗಿಮಾಡಿಕೊಂಡಿತು. ಆಮೇಲೆ ಅಜ್ಜಿ ಕಣ್ಣರಳಿಸಿದರು.

"ಇಟ್ಟೆಯೇನೇ? ಭಾರಾನೇ ಇಲ್ವಲ್ಲೇ ಮಗಾ!"